ಮಾತು, ಸಂದೇಶ, ಹರಟೆ: ಮೂರೂ ಒಂದೇ ಡಬ್ಬಿಯಲ್ಲಿ



ಸಾಮಾನ್ಯವಾಗಿ ನಾನು ಕ್ಯಾಮೆರಾದ ಹಿಂದೆ ನಿಲ್ಲುವವನು. ಭಾಷಣ ಮಾಡುವವರಿಗೆ ಸಮಯ ತೋರಿಸುವುದು, ದೀಪ ಸರಿಯಾಗಿದೆಯೇ ಎಂದು ನೋಡುವುದು, ಇದು ನನ್ನ ಕೆಲಸ. ಈ ಸಲ ವಿಷಯ ದೂರಸಂಪರ್ಕದ್ದು, ನೀನೇ ಮಾತನಾಡು ಎಂದು ಸಹೋದ್ಯೋಗಿಗಳು ನನ್ನನ್ನೇ ಕುರ್ಚಿಯಲ್ಲಿ ಕೂರಿಸಿದ್ದಾರೆ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ್ದರ ಫಲ ಎಂದು ತಿಳಿದುಕೊಂಡಿದ್ದೇನೆ.

ನಿಮ್ಮ ಫೋನಿನಲ್ಲಿ ಒಂದು ಚಿಕ್ಕ ಚಿತ್ರವನ್ನು ಬೆರಳಿನಿಂದ ಮುಟ್ಟಿದರೆ ಒಂದು ಆಪ್ ತೆರೆದುಕೊಳ್ಳುತ್ತದೆ. ಅದರೊಳಗೇ ಸಂದೇಶ ಬರೆಯಬಹುದು, ಅದರೊಳಗೇ ಗೆಳೆಯರ ಜೊತೆ ಹರಟಬಹುದು, ಅದರೊಳಗಿಂದಲೇ ಕರೆ ಮಾಡಿ ಮಾತನಾಡಬಹುದು. ನಿಮಗೆ ಇದು ನೀರು ಕುಡಿದಷ್ಟು ಸಹಜ. ನನ್ನ ವಯಸ್ಸಿನವರಿಗೆ ಹಾಗಲ್ಲ. ನಾನು ಪ್ರೌಢಶಾಲೆಯಲ್ಲಿದ್ದಾಗ ನಮ್ಮೂರಿನಿಂದ ಬೆಂಗಳೂರಿಗೆ ಮಾತನಾಡಬೇಕಾದರೆ ಪೇಟೆಯ ಎಸ್‌ಟಿಡಿ ಬೂತಿಗೆ ಹೋಗಿ, ರಾತ್ರಿ ದರ ಇಳಿಯುವವರೆಗೆ ಬೆಂಚಿನ ಮೇಲೆ ಕಾಯಬೇಕಾಗಿತ್ತು. ಪತ್ರ ಬೇರೆ, ತಂತಿ ಬೇರೆ, ಮಾತು ಬೇರೆ. ಮೂರಕ್ಕೂ ಮೂರು ಬಾಗಿಲು. ಈಗ ಬಾಗಿಲು ಒಂದೇ. ಒಳಗೆ ಹೋದ ಮೇಲೆ ದಾರಿಯೂ ಒಂದೇ ಇದೆಯೇ ಎಂಬುದು ಇವತ್ತಿನ ಪ್ರಶ್ನೆ.

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. 2019ರ ಜುಲೈ ತಿಂಗಳು. ಮಲೆನಾಡಿನಲ್ಲಿರುವ ನಮ್ಮ ಊರಿನಲ್ಲಿ ಜೋರು ಮಳೆ. ರಾತ್ರಿ ಒಂಬತ್ತರ ಹೊತ್ತಿಗೆ ಅಪ್ಪಯ್ಯನಿಗೆ ಉಸಿರಾಟದ ತೊಂದರೆ ಕಾಣಿಸಿತು. ಪಕ್ಕದ ಮನೆಯವರು ಫೋನು ಮಾಡಿ ಕಾರು ತರಿಸಿದರು. ಅಕ್ಕ, ಭಾವ ಇಬ್ಬರೂ ಅಪ್ಪಯ್ಯನನ್ನು ಕೂರಿಸಿಕೊಂಡು ಶಿವಮೊಗ್ಗದ ಆಸ್ಪತ್ರೆಗೆ ಹೊರಟರು. ಬೆಂಗಳೂರಿನಲ್ಲಿದ್ದ ನನಗೆ ತಿಳಿಸುವ ಕೆಲಸ ಅಮ್ಮನ ಪಾಲಿಗೆ ಬಂತು. ಅಮ್ಮನಿಗೆ ಫೋನಿನಲ್ಲಿ ಬರೆಯಲು ಬರುವುದಿಲ್ಲ. ಆದರೆ ಆಪಿನಲ್ಲಿ ಮೈಕಿನ ಗುರುತನ್ನು ಒತ್ತಿ ಹಿಡಿದು ಮಾತನಾಡುವುದನ್ನು ಮೊಮ್ಮಗ ಕಲಿಸಿಕೊಟ್ಟಿದ್ದ. ಅಮ್ಮ ಹಾಗೆಯೇ ಮಾಡಿದರು. ಅರ್ಧ ನಿಮಿಷ ಮಾತನಾಡಿ, ಹೇಳಿಯಾಯಿತು ಎಂದು ಫೋನನ್ನು ದೇವರ ಮುಂದಿಟ್ಟು ಕುಳಿತರು. ಅಕ್ಕ, ಭಾವ, ಅಮ್ಮ ಹೇಳಿದ್ದಾರೆ ಎಂದುಕೊಂಡರು. ಬೆಳಗಿನ ಐದೂವರೆಗೆ ಅಕ್ಕ ಆಸ್ಪತ್ರೆಯಿಂದ ಫೋನು ಮಾಡಿ, "ಎಲ್ಲಿಯವರೆಗೆ ಬಂದೆ?" ಎಂದು ಕೇಳಿದಾಗ ನಾನು ಹಾಸಿಗೆಯಲ್ಲಿದ್ದೆ.

ಅಮ್ಮನ ಮಾತು ಅಮ್ಮನ ಫೋನಿನಲ್ಲಿಯೇ ಉಳಿದಿತ್ತು. ಆ ರಾತ್ರಿ ಊರಿನಲ್ಲಿ ಮಾತನಾಡುವಷ್ಟು ಸಿಗ್ನಲ್ ಇತ್ತು. ಪಕ್ಕದ ಮನೆಯವರು ಕಾರಿಗೆ ಫೋನು ಮಾಡಿದ್ದು ಅದರಿಂದಲೇ. ಇಂಟರ್ನೆಟ್ ಮಾತ್ರ ಇರಲಿಲ್ಲ. ಅಪ್ಪಯ್ಯ ಎಂಟು ದಿನದ ಮೇಲೆ ಮನೆಗೆ ಬಂದರು, ಅದು ನಮ್ಮ ಪುಣ್ಯ. ಆದರೆ "ನಾನು ಮಾತಾಡಿದ್ದೆನಲ್ಲೋ!" ಎಂದು ಅಮ್ಮ ಹೇಳಿದ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಟೆಲಿಫೋನಿನ ಕಾಲದವರಿಗೆ ಮಾತನಾಡುವುದು ಎಂದರೆ ಆ ಕಡೆ ಒಬ್ಬರು ಕೇಳಿಸಿಕೊಳ್ಳುತ್ತಿದ್ದಾರೆ ಎಂದೇ ಅರ್ಥ. ಆ ಕಡೆಯಿಂದ "ಹಲೋ" ಬಾರದಿದ್ದರೆ ನಾವು ಮಾತೇ ಆರಂಭಿಸುತ್ತಿರಲಿಲ್ಲವಲ್ಲ. ಹೊಸ ಡಬ್ಬಿಯೊಳಗೆ ಮಾತು ಸಹ ಪತ್ರದಂತೆ ಆಗಿಬಿಟ್ಟಿದೆ. ಅಂಚೆಪೆಟ್ಟಿಗೆಯಲ್ಲಿ ಬಿದ್ದ ಪತ್ರ, ಅಷ್ಟೇ.

ಈಗ ಈ ಮೂರರ ಕುಲಗೋತ್ರವನ್ನು ಸ್ವಲ್ಪ ವಿಚಾರಿಸೋಣ.

ಮೊದಲನೆಯದು ದೂರವಾಣಿ ಕರೆ. ಹಳೆಯ ಪದ್ಧತಿಯಲ್ಲಿ ನೀವು ನಂಬರು ತಿರುಗಿಸಿದ ಕೂಡಲೇ ನಿಮ್ಮಿಂದ ಆ ಕಡೆಯವರವರೆಗೆ ಒಂದು ದಾರಿಯನ್ನು ವಿನಿಮಯ ಕೇಂದ್ರಗಳು ಕಾದಿರಿಸುತ್ತಿದ್ದವು. ನೀವು ಮಾತನಾಡಿದರೂ, ಸುಮ್ಮನಿದ್ದರೂ ಆ ದಾರಿ ನಿಮ್ಮದೇ. ಹಾಗಾಗಿಯೇ ಸುಮ್ಮನಿದ್ದದ್ದಕ್ಕೂ ಬಿಲ್ಲು ಬರುತ್ತಿತ್ತು! ದೂರವಾಣಿ ಜಾಲ ಅಂಕೀಯವಾದಾಗ ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆಯುವ ಪದ್ಧತಿ ಬಂತು. ಗುಣಿಸಿ ನೋಡಿ: ಸೆಕೆಂಡಿಗೆ 64,000 ಬಿಟ್. ಒಂದು ಕರೆ ಎಂದರೆ ಇಷ್ಟು ಅಗಲದ ಒಂದು ಪೈಪನ್ನು ಇಡೀ ಹೊತ್ತು ನಿಮಗಾಗಿ ಬಿಟ್ಟುಕೊಟ್ಟಂತೆ.

ಎರಡನೆಯದು ಎಸ್‌ಎಂಎಸ್. ಇದರ ಕಥೆ ನನಗೆ ಬಹಳ ಇಷ್ಟ. ಯೂರೋಪಿನಲ್ಲಿ ಹೊಸ ಮೊಬೈಲ್ ಪದ್ಧತಿಯನ್ನು ರೂಪಿಸುತ್ತಿದ್ದ ಕಾಲ. ಕರೆ ಬಂದಿದೆ ಎಂದು ಫೋನಿಗೆ ತಿಳಿಸಲು, ಫೋನು ಎಲ್ಲಿದೆ ಎಂದು ಗೋಪುರಕ್ಕೆ ತಿಳಿಸಲು, ಮಾತಿನ ದಾರಿಗೆ ಸಂಬಂಧವಿಲ್ಲದ ಒಂದು ಸಂಕೇತಗಳ ಓಣಿ ಬೇಕೇ ಬೇಕು. ಆ ಓಣಿ ಹೆಚ್ಚಿನ ಹೊತ್ತು ಖಾಲಿ. ಅದರಲ್ಲಿ ನಾಲ್ಕು ಅಕ್ಷರ ಕಳಿಸಿದರೆ ಹೇಗೆ? ಎಷ್ಟು ಅಕ್ಷರ ಸಾಕು ಎಂದು ತಿಳಿಯಲು ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲೆಬ್ರಾಂಟ್ ಎಂಬ ಎಂಜಿನಿಯರು 1985ರಲ್ಲಿ ಬಾನ್ ನಗರದ ತಮ್ಮ ಮನೆಯಲ್ಲಿ ಟೈಪ್‌ರೈಟರಿನ ಮುಂದೆ ಕುಳಿತು, ತಲೆಗೆ ಬಂದ ವಾಕ್ಯಗಳನ್ನೆಲ್ಲ ಹೊಡೆದು ಎಣಿಸಿದರಂತೆ. ಹೆಚ್ಚಿನವು 160ರೊಳಗೆ ಮುಗಿದವು. 160 ಅಕ್ಷರಕ್ಕೆ ತಲಾ 7 ಬಿಟ್, ಒಟ್ಟು 1120 ಬಿಟ್, ಎಂದರೆ 140 ಬೈಟ್. ಮೊದಲ ಎಸ್‌ಎಂಎಸ್ 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ಹೋಯಿತು. ನೀಲ್ ಪ್ಯಾಪ್‌ವರ್ತ್ ಎಂಬ ತರುಣ ಎಂಜಿನಿಯರು ಕಂಪ್ಯೂಟರಿನಿಂದ ಕಳಿಸಿದ ಕ್ರಿಸ್ಮಸ್ ಶುಭಾಶಯ ಅದು.

ಕನ್ನಡದವರಾದ ನಮಗೆ ಇಲ್ಲಿ ಒಂದು ತಕರಾರಿದೆ. ಆ 7 ಬಿಟ್‌ಗಳಲ್ಲಿ ರೋಮನ್ ಅಕ್ಷರಗಳಿಗೆ ಜಾಗವಿದೆ, ಕನ್ನಡಕ್ಕೆ ಇಲ್ಲ. ಕನ್ನಡದಲ್ಲಿ ಬರೆದಾಗ ಸಾಮಾನ್ಯವಾಗಿ ಪ್ರತಿ ಗುರುತಿಗೂ 16 ಬಿಟ್ ಬೇಕಾಗುತ್ತದೆ. 1120ನ್ನು 16ರಿಂದ ಭಾಗಿಸಿ. ಉಳಿಯುವುದು 70. ಅದೂ ಕಣ್ಣಿಗೆ ಕಾಣುವ ಅಕ್ಷರಗಳ ಲೆಕ್ಕವಲ್ಲ. 'ಸ್ತ್ರೀ' ಎಂಬುದು ನಮಗೆ ಒಂದೇ ಅಕ್ಷರ. ಯಂತ್ರಕ್ಕೆ ಸಕಾರ, ವಿರಾಮ ಚಿಹ್ನೆ, ತಕಾರ, ಮತ್ತೆ ವಿರಾಮ ಚಿಹ್ನೆ, ರಕಾರ, ದೀರ್ಘದ ಗುರುತು, ಹೀಗೆ ಆರು. 'ನಾಳೆ ಬೆಳಿಗ್ಗೆ ಬಸ್ಸಿಗೆ ಬರುತ್ತೇನೆ' ಎಂದು ಬರೆದರೆ 31 ಗುರುತು ಖರ್ಚಾಗುತ್ತದೆ. ಹೆಚ್ಚುಕಡಿಮೆ ಅರ್ಧ ಸಂದೇಶ ಅಲ್ಲಿಗೇ ಮುಗಿಯಿತು. ನಮ್ಮ ಜನ ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುವ ಅಭ್ಯಾಸ ಹಚ್ಚಿಕೊಂಡದ್ದಕ್ಕೆ ಸೋಮಾರಿತನ ಒಂದೇ ಕಾರಣವಲ್ಲ, ಮಿತ್ರರೇ. ಹಳೆಯ ಫೋನುಗಳಲ್ಲಿ ಕನ್ನಡದ ಕೀಲಿ ಇಲ್ಲದ್ದು ಒಂದು, ಈ 70ರ ಗೋಡೆ ಇನ್ನೊಂದು.

ಮೂರನೆಯದು ಹರಟೆ, ಎಂದರೆ ಚಾಟ್. ಇದು ದೂರವಾಣಿಯ ವಂಶದ್ದಲ್ಲ, ಕಂಪ್ಯೂಟರಿನ ವಂಶದ್ದು. ಫಿನ್ಲೆಂಡಿನ ಔಲು ನಗರದಲ್ಲಿ ಯಾರ್ಕೊ ಓಯ್ಕರಿನೆನ್ ಎಂಬ ವಿದ್ಯಾರ್ಥಿ 1988ರಲ್ಲಿ ಐಆರ್‌ಸಿ ಎಂಬ ಹರಟೆ ಪದ್ಧತಿಯನ್ನು ಬರೆದ. 1996ರಲ್ಲಿ ಇಸ್ರೇಲಿನಿಂದ ಐಸಿಕ್ಯೂ ಬಂತು. ಚಾಟ್ ತಂದ ಹೊಸ ಸಂಗತಿ ಅಕ್ಷರವಲ್ಲ. ಆ ಕಡೆಯವರು ಈಗ ಕಂಪ್ಯೂಟರಿನ ಮುಂದೆ ಇದ್ದಾರೆಯೇ ಎಂದು ಮೊದಲೇ ತೋರಿಸುವ ಹಸಿರು ಚುಕ್ಕೆ. ಯಾರ ಮನೆಗಾದರೂ ಹೋಗುವ ಮುನ್ನ ಅವರ ಮನೆಯ ದೀಪ ಉರಿಯುತ್ತಿದೆಯೇ ಎಂದು ರಸ್ತೆಯಿಂದಲೇ ನೋಡುತ್ತೇವಲ್ಲ, ಹಾಗೆ. ದೂರವಾಣಿಯಲ್ಲಿ ಈ ಅನುಕೂಲ ಇರಲೇ ಇಲ್ಲ.

ಭಾರತಕ್ಕೆ ಇವುಗಳಲ್ಲಿ ಎರಡು ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು, ಸಾರ್ವಜನಿಕರಿಗೆ ಇಂಟರ್ನೆಟ್ ಅದೇ ವರ್ಷದ ಆಗಸ್ಟ್ 15ರಂದು. ನಡುವೆ ಹದಿನೈದೇ ದಿನ. ಆದರೆ ಇವೆರಡೂ ಒಂದೇ ಡಬ್ಬಿಯಲ್ಲಿ ಕೂರಲು ಇಪ್ಪತ್ತು ವರ್ಷ ಬೇಕಾಯಿತು.

ಏಕೆ ಬೇಕಾಯಿತು? ಇಂಟರ್ನೆಟ್ಟಿನಲ್ಲಿ ಮಾತು ಸಾಗುವ ರೀತಿ ನೋಡಿದರೆ ತಿಳಿಯುತ್ತದೆ. ಇಂಟರ್ನೆಟ್ ಯಾರಿಗೂ ದಾರಿಯನ್ನು ಕಾದಿರಿಸುವುದಿಲ್ಲ. ಕಳಿಸಬೇಕಾದದ್ದನ್ನು ಚಿಕ್ಕ ಚಿಕ್ಕ ಪೊಟ್ಟಣ ಕಟ್ಟಿ, ಪ್ರತಿಯೊಂದರ ಮೇಲೂ ವಿಳಾಸ ಬರೆದು ರಸ್ತೆಗೆ ಬಿಡುತ್ತದೆ. ಒಂದೊಂದು ಪೊಟ್ಟಣ ಒಂದೊಂದು ದಾರಿ ಹಿಡಿಯಬಹುದು. ಮುಂದೆ ಹೊರಟದ್ದು ಹಿಂದೆ ತಲುಪಬಹುದು. ಕೆಲವು ಕಳೆದುಹೋಗಲೂಬಹುದು. ಬರಹಕ್ಕೆ ಇದರಿಂದ ತೊಂದರೆಯಿಲ್ಲ. ಪೊಟ್ಟಣ ಕಳೆದರೆ ಮತ್ತೊಮ್ಮೆ ಕೇಳಿ ತರಿಸಿಕೊಳ್ಳಬಹುದು. ರಿಜಿಸ್ಟರ್ಡ್ ಅಂಚೆಯ ಹಾಗೆ, ಸಹಿ ಬರುವವರೆಗೆ ಬಿಡುವುದಿಲ್ಲ. ಒಂದು ಸೆಕೆಂಡು ತಡವಾದರೆ ಏನಂತೆ?

ಮಾತಿಗೆ ಹಾಗಲ್ಲ. ಧ್ವನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸುತ್ತಾರೆ, ಎಂದರೆ ಸೆಕೆಂಡಿಗೆ 50 ಪೊಟ್ಟಣ. ಇವುಗಳಲ್ಲಿ ಒಂದು ಕಳೆದುಹೋದರೆ ಅದನ್ನು ಮತ್ತೆ ತರಿಸಿ ಪ್ರಯೋಜನವಿಲ್ಲ. ಮುಹೂರ್ತ ಮುಗಿದ ಮೇಲೆ ಓಲಗದವರು ಬಂದಂತೆ. ಆದ್ದರಿಂದ ಮಾತಿನ ಪೊಟ್ಟಣಗಳನ್ನು ಸಹಿ ಕೇಳದ ಇನ್ನೊಂದು ಪದ್ಧತಿಯಲ್ಲಿ ಕಳಿಸುತ್ತಾರೆ. ಬಂದದ್ದು ಬಂತು, ಹೋದದ್ದು ಹೋಯಿತು. ನಡುವೆ ಬಿಟ್ಟುಹೋದ ಜಾಗವನ್ನು ಹಿಂದಿನ ಧ್ವನಿಯಿಂದ ಊಹಿಸಿ ತುಂಬುತ್ತಾರೆ. ಬೇಗ ಬಂದ ಪೊಟ್ಟಣಗಳನ್ನು ಸ್ವಲ್ಪ ಹೊತ್ತು ತಡೆದಿಟ್ಟು, ಹಿಂದುಳಿದವು ಸೇರಿಕೊಂಡ ಮೇಲೆ ಸಾಲಾಗಿ ನುಡಿಸುತ್ತಾರೆ. ಪಂಕ್ತಿಯಲ್ಲಿ ಎಲ್ಲ ಎಲೆಗಳಿಗೂ ಅನ್ನ ಬೀಳುವವರೆಗೆ ಯಾರೂ ಊಟ ಆರಂಭಿಸುವುದಿಲ್ಲವಲ್ಲ, ಅದೇ ಉಪಾಯ. ಆದರೆ ಬಹಳ ಹೊತ್ತು ಕಾಯಿಸುವಂತಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿಗಿಂತ ಹೆಚ್ಚು ತಡವಾಗದಂತೆ ನೋಡಿಕೊಳ್ಳುವುದು ಲೇಸು ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸಲಹೆ ಮಾಡಿದೆ.

ತಡವಾದರೆ ಏನಾಗುತ್ತದೆ ಎಂಬುದನ್ನು ನಮ್ಮ ವೃತ್ತಿಯವರು ದಿನವೂ ನೋಡುತ್ತೇವೆ. ಉಪಗ್ರಹದ ಮೂಲಕ ದೂರದ ವರದಿಗಾರರ ಜೊತೆ ನೇರ ಪ್ರಸಾರ ಮಾಡುವಾಗ, ಸ್ಟುಡಿಯೋದಿಂದ ಪ್ರಶ್ನೆ ಕೇಳಿದ ಮೇಲೆ ಅವರು ಸುಮ್ಮನೆ ತಲೆಯಾಡಿಸುತ್ತ ನಿಂತಿರುವುದನ್ನು ನೀವೂ ಕಂಡಿರುತ್ತೀರಿ. ಅವರಿಗೆ ಉತ್ತರ ಗೊತ್ತಿಲ್ಲವೆಂದಲ್ಲ. ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. ಮೇಲೆ ಹೋಗಿ ಕೆಳಗೆ ಬರಲು 72,000 ಕಿಲೋಮೀಟರ್. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಪ್ರಶ್ನೆ ತಲುಪಲು ಕಾಲು ಸೆಕೆಂಡು, ಉತ್ತರ ಬರಲು ಇನ್ನೊಂದು ಕಾಲು. ಈ ಅರ್ಧ ಸೆಕೆಂಡಿನಲ್ಲಿ ಇಬ್ಬರೂ ಒಟ್ಟಿಗೆ ಮಾತು ಆರಂಭಿಸಿ, ಇಬ್ಬರೂ ಒಟ್ಟಿಗೆ ನಿಲ್ಲಿಸುತ್ತಾರೆ. ಹೊಸಬರಾಗಿದ್ದರೆ ಬೆವರು ಬರುತ್ತದೆ.

ಹೀಗೆ ಒಂದೇ ರಸ್ತೆಯಲ್ಲಿ ಎರಡು ಬಗೆಯ ಶಿಸ್ತು. ಬರಹಕ್ಕೆ ತಲುಪುವುದು ಮುಖ್ಯ, ಹೊತ್ತು ಮುಖ್ಯವಲ್ಲ. ಮಾತಿಗೆ ಹೊತ್ತು ಮುಖ್ಯ, ಎಲ್ಲವೂ ತಲುಪಬೇಕೆಂದಿಲ್ಲ. ಅಮೆರಿಕದ ಸಂಶೋಧಕರು ಇಂಟರ್ನೆಟ್ಟಿನ ಹಿರಿಯಜ್ಜನಾದ ಆರ್ಪಾನೆಟ್ಟಿನಲ್ಲಿ 1974ರಲ್ಲಿಯೇ ಪೊಟ್ಟಣಗಳ ಮೂಲಕ ಮಾತನಾಡಿ ತೋರಿಸಿದ್ದರು. ಮನೆಮನೆಗೆ ಅದನ್ನು ತಲುಪಿಸಿದ್ದು 2003ರ ಆಗಸ್ಟಿನಲ್ಲಿ ಬಂದ ಸ್ಕೈಪ್. ಅದರ ತಂತ್ರಾಂಶ ಬರೆದವರು ಎಸ್ಟೋನಿಯಾ ಎಂಬ ಪುಟ್ಟ ದೇಶದ ತರುಣರು. ಅಮೆರಿಕ, ಕೊಲ್ಲಿ ದೇಶಗಳಿಗೆ ಮಕ್ಕಳನ್ನು ಕಳಿಸಿದ ನಮ್ಮ ಎಷ್ಟೋ ತಂದೆತಾಯಿಯರು ಮೊಮ್ಮಕ್ಕಳ ಮುಖವನ್ನು ಮೊದಲು ನೋಡಿದ್ದು ಸ್ಕೈಪಿನಲ್ಲಿ. ಅದೇ ಸ್ಕೈಪ್ 2025ರ ಮೇ 5ರಂದು ಬಾಗಿಲು ಮುಚ್ಚಿತು.

ಮೂರನ್ನೂ ಒಂದೇ ಡಬ್ಬಿಯಲ್ಲಿ ಕೂರಿಸುವ ಪ್ರಯತ್ನಗಳಲ್ಲಿ ವಿದ್ಯಾರ್ಥಿಗಳು ಅಭ್ಯಾಸ ಮಾಡಬೇಕಾದ ಉದಾಹರಣೆ ಗೂಗಲ್ ಕಂಪನಿಯ ಹ್ಯಾಂಗ್‌ಔಟ್ಸ್. 2013ರ ಮೇ ತಿಂಗಳಲ್ಲಿ ಅದು ಬಂದಾಗ ಕಂಪನಿಯ ಮೂರು ಬೇರೆ ಬೇರೆ ಹರಟೆ ಸೌಲಭ್ಯಗಳನ್ನು ಒಂದು ಮಾಡಿತು. ಅದೇ ವರ್ಷದ ಕೊನೆಯ ಹೊತ್ತಿಗೆ ಎಸ್‌ಎಂಎಸ್ ಸಹ ಅದರೊಳಗೆ ಸೇರಿತು. 2014ರ ಸೆಪ್ಟೆಂಬರಿನಲ್ಲಿ ಸಾಮಾನ್ಯ ದೂರವಾಣಿ ನಂಬರುಗಳಿಗೆ ಕರೆ ಮಾಡುವ ಸೌಲಭ್ಯವೂ ಬಂತು. ಅಮೆರಿಕ, ಕೆನಡಾಗಳ ಹೆಚ್ಚಿನ ನಂಬರುಗಳಿಗೆ ಆ ಕರೆ ಉಚಿತ. ಮೂರೂ ಒಂದೇ ಕಡೆ! ಇನ್ನೇನು ಬೇಕು?

ಆದರೆ ಒಳಗೆ ಒಂದು ತೊಡಕು ಉಳಿದಿತ್ತು. ಚಾಟ್ ಹುಡುಕುವುದು ಮನುಷ್ಯನ ಖಾತೆಯನ್ನು, ಅವನ ಇ-ಮೇಲ್ ವಿಳಾಸವನ್ನು. ಎಸ್‌ಎಂಎಸ್ ಹುಡುಕುವುದು ಒಂದು ನಂಬರನ್ನು. ಒಬ್ಬನೇ ಗೆಳೆಯ ಆಪಿನಲ್ಲಿ ಎರಡು ಸಲ ಕಾಣಿಸಿಕೊಳ್ಳುತ್ತಿದ್ದ, ಖಾತೆಯಾಗಿ ಒಮ್ಮೆ, ನಂಬರಾಗಿ ಒಮ್ಮೆ. 2014ರಲ್ಲಿ ಎರಡನ್ನೂ ಒಂದೇ ಸಾಲಿನಲ್ಲಿ ಹೆಣೆದು ತೋರಿಸುವ ಏರ್ಪಾಟು ಮಾಡಿದರು. ಆಗ ಈಗ ಬರೆಯುತ್ತಿರುವುದು ಯಾವ ದಾರಿಯಲ್ಲಿ ಹೋಗುತ್ತಿದೆ ಎಂಬ ಗೊಂದಲ. ಎರಡು ವರ್ಷದ ಮೇಲೆ ಮತ್ತೆ ಬೇರೆ ಮಾಡಿದರು. 2017ರ ಮೇ ತಿಂಗಳಲ್ಲಿ ಮೊಬೈಲ್ ಕಂಪನಿಗಳ ಎಸ್‌ಎಂಎಸ್ಸನ್ನು ಹೊರಗೆ ಹಾಕಿದರು. 2022ರ ನವೆಂಬರಿನಲ್ಲಿ ಹ್ಯಾಂಗ್‌ಔಟ್ಸೇ ಇಲ್ಲವಾಯಿತು. ದುಡ್ಡಿಗೆ, ಬುದ್ಧಿವಂತರಿಗೆ ಕೊರತೆಯಿಲ್ಲದ ಕಂಪನಿಗೇ ಹೀಗಾಯಿತು. ನನ್ನ ಮಟ್ಟಿಗೆ ಹೇಳುವುದಾದರೆ ಅವರು ಸೋತದ್ದು ಧ್ವನಿಯ ವಿಜ್ಞಾನದಲ್ಲಲ್ಲ, ವಿಳಾಸದ ಪ್ರಶ್ನೆಯಲ್ಲಿ. ಅಂದ ಹಾಗೆ, ಹ್ಯಾಂಗ್‌ಔಟ್ಸ್ ಹುಟ್ಟಿದ 2013ರಲ್ಲಿಯೇ, ಜುಲೈ ತಿಂಗಳಲ್ಲಿ, ನಮ್ಮ ದೇಶದ ತಂತಿ ಸೇವೆ ಕೊನೆಗೊಂಡಿತು.

ವಿಳಾಸದ ಪ್ರಶ್ನೆಯನ್ನು ಬಹಳ ಸರಳವಾಗಿ ಬಿಡಿಸಿದವರು ಜಾನ್ ಕೂಮ್ ಮತ್ತು ಬ್ರಯನ್ ಆಕ್ಟನ್. 2009ರಲ್ಲಿ ಅವರು ಆರಂಭಿಸಿದ ವಾಟ್ಸ್‌ಆಪ್‌ನಲ್ಲಿ ಫೋನ್ ನಂಬರೇ ವಿಳಾಸ. ಹೊಸ ಹೆಸರು ಇಟ್ಟುಕೊಳ್ಳಬೇಕಾಗಿಲ್ಲ, ಗೆಳೆಯರನ್ನು ಹುಡುಕಬೇಕಾಗಿಲ್ಲ. ನಿಮ್ಮ ಫೋನಿನ ವಿಳಾಸ ಪುಸ್ತಕದಲ್ಲಿ ಯಾರಿದ್ದಾರೋ ಅವರೇ ನಿಮ್ಮ ಗೆಳೆಯರು. ತಮಾಷೆಯೆಂದರೆ ಮೊದಲು ಅದು ಸಂದೇಶದ ಆಪೇ ಆಗಿರಲಿಲ್ಲ. 'ಸಭೆಯಲ್ಲಿದ್ದೇನೆ', 'ಬ್ಯಾಟರಿ ಮುಗಿಯುತ್ತಿದೆ' ಎಂದು ಹೆಸರಿನ ಪಕ್ಕದಲ್ಲಿ ಹಾಕಿಕೊಳ್ಳುವ ಫಲಕವಾಗಿತ್ತು. ಹಸಿರು ಚುಕ್ಕೆಯ ತಮ್ಮ ಎನ್ನಿ. ಫಲಕ ಬದಲಾದಾಗ ಗೆಳೆಯರಿಗೆ ಸೂಚನೆ ಹೋಗುವಂತಾದ ಮೇಲೆ, ಜನ ಅದರ ಮೂಲಕವೇ ಒಬ್ಬರಿಗೊಬ್ಬರು ಉತ್ತರ ಕೊಡತೊಡಗಿದರು. ಇನ್ನೊಂದು ಸ್ವಾರಸ್ಯ: ವಾಟ್ಸ್‌ಆಪ್‌ನ ಸರ್ವರುಗಳಿಗೆ ಬಳಸಿದ್ದು ಅರ್ಲಾಂಗ್ ಎಂಬ ಕಂಪ್ಯೂಟರ್ ಭಾಷೆ. ಅದನ್ನು ಸ್ವೀಡನ್ನಿನ ಎರಿಕ್ಸನ್ ಕಂಪನಿ 1980ರ ದಶಕದಲ್ಲಿ ದೂರವಾಣಿ ವಿನಿಮಯ ಕೇಂದ್ರಗಳಿಗಾಗಿ ರೂಪಿಸಿತ್ತು. ಹರಟೆಯ ಮನೆಗೆ ಅಡಿಪಾಯ ಟೆಲಿಫೋನಿನದ್ದು.

ಮಾತು ಅದರೊಳಗೆ ಬಂದದ್ದು 2015ರಲ್ಲಿ, ಮುಖ ನೋಡಿ ಮಾತನಾಡುವುದು 2016ರ ನವೆಂಬರಿನಲ್ಲಿ. ಭಾರತದಲ್ಲಿ ಅದು ಬೇಗ ಹರಡಲು ಎಸ್‌ಎಂಎಸ್ಸಿನ ಅವಸ್ಥೆಯೂ ಒಂದು ಕಾರಣ. ಯುಗಾದಿ, ದೀಪಾವಳಿಗಳ ದಿನ ಅಗ್ಗದ ಎಸ್‌ಎಂಎಸ್ ಯೋಜನೆಗಳು ನಡೆಯುತ್ತಿರಲಿಲ್ಲ, ಪೂರ್ಣ ದರ ಕೊಡಬೇಕಾಗಿತ್ತು. ಜಾಹೀರಾತು ಸಂದೇಶಗಳ ಹಾವಳಿ ತಡೆಯಲೆಂದು 2011ರಲ್ಲಿ ಒಂದು ಸಿಮ್ಮಿನಿಂದ ದಿನಕ್ಕೆ 100 ಎಂಬ ಮಿತಿಯೂ ಬಂತು, ನಂತರ ಅದು 200 ಆಯಿತು. ಕಾಲೇಜು ಹುಡುಗರಿಗೆ 100 ಎಲ್ಲಿ ಸಾಲುತ್ತದೆ?

ಇಲ್ಲಿ ಬೆಂಗಳೂರಿನ ಒಂದು ಘಟನೆಯನ್ನು ಹೇಳಬೇಕು. 2012ರ ಆಗಸ್ಟಿನಲ್ಲಿ ಈಶಾನ್ಯ ರಾಜ್ಯಗಳ ಜನರ ಮೇಲೆ ಹಲ್ಲೆಯಾಗುತ್ತದೆ ಎಂಬ ಸುಳ್ಳು ಸುದ್ದಿ ಎಸ್‌ಎಂಎಸ್ ಮುಂತಾದವುಗಳ ಮೂಲಕ ಹಬ್ಬಿತು. ಸಾವಿರಾರು ಜನ ಕೆಲಸ, ಓದು ಬಿಟ್ಟು ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಗುವಾಹಟಿಯ ಗಾಡಿಗಾಗಿ ಕಿಕ್ಕಿರಿದರು. ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಆಗ ಕೇಂದ್ರ ಸರ್ಕಾರ ಹದಿನೈದು ದಿನ ಸಾಮೂಹಿಕ ಎಸ್‌ಎಂಎಸ್ಸಿಗೆ ತಡೆ ಹಾಕಿತು. ಹಾಗೆ ಮಾಡಲು ಸಾಧ್ಯವಾದದ್ದು ಏಕೆ? ನಲ್ಲಿ ದೂರವಾಣಿ ಕಂಪನಿಗಳ ಕೈಯಲ್ಲಿತ್ತು. ವಾಟ್ಸ್‌ಆಪ್‌ನಲ್ಲಿ 2016ರ ಏಪ್ರಿಲಿನಿಂದ ಸಂದೇಶವನ್ನು ಕಳಿಸುವವರ ಫೋನಿನಲ್ಲಿಯೇ ಬೀಗ ಹಾಕಿ, ಪಡೆಯುವವರ ಫೋನಿನಲ್ಲಿಯೇ ತೆರೆಯುವ ಪದ್ಧತಿ ಇದೆ. ನಡುವಿನವರು, ಕಂಪನಿಯವರೂ ಸೇರಿ, ಓದಲಾರರು. ನಿಮ್ಮ ಖಾಸಗಿ ಮಾತಿಗೆ ಇದು ದೊಡ್ಡ ರಕ್ಷಣೆ, ಎಸ್‌ಎಂಎಸ್ಸಿಗೆ ಈ ರಕ್ಷಣೆ ಇಲ್ಲ. ಸುಳ್ಳು ಸುದ್ದಿಗೂ ಅದೇ ಬೀಗ ರಕ್ಷಣೆ ಕೊಡುತ್ತದೆ ಎಂಬುದೂ ನಿಜ. 2018ರಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ಭಾರತದಲ್ಲಿ ಮಿತಿ ಹಾಕಿದರು. ಒಳಗೆ ಏನಿದೆ ಎಂದು ನೋಡಲಾಗದವರು ಲಕೋಟೆಗಳನ್ನು ಎಣಿಸುವ ಉಪಾಯ ಅದು.

ಇನ್ನು ನಮ್ಮ ಅಮ್ಮನ ಪ್ರಶ್ನೆಗೆ ಮರಳೋಣ. ಅರ್ಧ ನಿಮಿಷದ ಮಾತು, ಸೆಕೆಂಡಿಗೆ 16,000 ಬಿಟ್‌ಗೆ ಹಿಂಡಿದರು ಎಂದಿಟ್ಟುಕೊಂಡರೂ, 60,000 ಬೈಟ್ ಆಗುತ್ತದೆ. ಒಂದು ಎಸ್‌ಎಂಎಸ್ 140 ಬೈಟ್. ಅಮ್ಮನ ಮಾತು 400ಕ್ಕೂ ಹೆಚ್ಚು ಎಸ್‌ಎಂಎಸ್‌ಗಳಷ್ಟು ಭಾರ! ಮೇಲಾಗಿ ಅದಕ್ಕೆ ಇಂಟರ್ನೆಟ್ಟೇ ಬೇಕು. ಎಸ್‌ಎಂಎಸ್ ಆ ಸಂಕೇತಗಳ ಓಣಿಯಲ್ಲಿ ನುಸುಳಿಬಿಡುತ್ತದೆ. ಆ ಕಡೆಯ ಫೋನು ಆರಿಸಿದ್ದರೆ ಸಂದೇಶ ಕೇಂದ್ರದಲ್ಲಿ ಕುಳಿತು, ಫೋನು ಹಚ್ಚಿದಾಗ ತಲುಪುತ್ತದೆ. ಅಮ್ಮ ಅಂದು ಮಾಮೂಲಿ ಕರೆಯನ್ನೇ ಮಾಡಿದ್ದರೆ, ಅಥವಾ ಪಕ್ಕದ ಮನೆಯವರು ಎರಡು ಪದ ಎಸ್‌ಎಂಎಸ್ ಕಳಿಸಿದ್ದರೆ, ನಾನು ಬೆಳಗಾಗುವ ಹೊತ್ತಿಗೆ ಶಿವಮೊಗ್ಗದಲ್ಲಿರುತ್ತಿದ್ದೆ.

ಆಪು ಸುಳ್ಳು ಹೇಳಿರಲಿಲ್ಲ. ಸಂದೇಶದ ಮೂಲೆಯಲ್ಲಿ ಒಂದು ಪುಟ್ಟ ಗಡಿಯಾರದ ಗುರುತು ತೋರಿಸಿಯೇ ಇತ್ತು. ಗಡಿಯಾರ ಇದ್ದರೆ ಫೋನಿನಿಂದ ಹೊರಟೇ ಇಲ್ಲ. ಒಂದು ಗೀಟು ಇದ್ದರೆ ಕಂಪನಿಯ ಸರ್ವರು ತಲುಪಿದೆ. ಎರಡು ಗೀಟು ಇದ್ದರೆ ಆ ಕಡೆಯ ಫೋನು ತಲುಪಿದೆ. ನೀಲಿಯಾದರೆ ನೋಡಿದ್ದಾರೆ. ಅಂಚೆಯವರು ಒಂದು ಪತ್ರಕ್ಕೆ ಇಷ್ಟು ಲೆಕ್ಕ ಎಂದೂ ಕೊಟ್ಟಿರಲಿಲ್ಲ. ಆದರೆ ಎಪ್ಪತ್ತು ದಾಟಿದ ಅಮ್ಮನಿಗೆ ಆ ಗಡಿಯಾರ ಕಾಣಬೇಕಲ್ಲ! ಈಗ ಅಮ್ಮ ಏನು ಕಳಿಸಿದರೂ ಕನ್ನಡಕ ಹಾಕಿಕೊಂಡು, "ಗಡಿಯಾರ ಹೋಯಿತೇನೋ ನೋಡು" ಎಂದು ಮೊಮ್ಮಗನನ್ನು ಕೇಳುತ್ತಾರೆ. ಅವಸರದ ಸುದ್ದಿಯಾದರೆ ಆಪನ್ನು ಮುಟ್ಟುವುದಿಲ್ಲ, ಸೀದಾ ಕರೆ.

ಇದೇ ಸಂದರ್ಭದಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಅಪಘಾತವಾದಾಗ, ಬೆಂಕಿ ಬಿದ್ದಾಗ 112ಕ್ಕೆ ಕರೆ ಮಾಡಬೇಕಲ್ಲ, ವಾಟ್ಸ್‌ಆಪ್ ಕರೆಯಿಂದ ಅದು ಆಗುವುದಿಲ್ಲ. ಫೋನಿನ ಮಾಮೂಲಿ ನಂಬರಿನ ಪುಟದಿಂದಲೇ ಮಾಡಬೇಕು. ಮನೆಯಲ್ಲಿ ಹಿರಿಯರಿಗೆ, ಚಿಕ್ಕವರಿಗೆ ಇವತ್ತೇ ತೋರಿಸಿಕೊಡಿ.

ಕೊನೆಯದಾಗಿ, ಒಂದು ಕಾಲೇಜಿನ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ. ಯಾವ ಕಂಪನಿಯ ಸಿಮ್ಮಿನಿಂದ ಯಾವ ಕಂಪನಿಯ ಸಿಮ್ಮಿಗಾದರೂ ಕರೆ ಹೋಗುತ್ತದೆ, ಯಾವ ಇ-ಮೇಲಿನಿಂದ ಯಾವ ಇ-ಮೇಲಿಗಾದರೂ ಪತ್ರ ಹೋಗುತ್ತದೆ, ಒಂದು ಆಪಿನಿಂದ ಇನ್ನೊಂದು ಆಪಿಗೆ ಮಾತ್ರ ಏಕೆ ಹೋಗುವುದಿಲ್ಲ? ಬಹಳ ಸರಿಯಾದ ಪ್ರಶ್ನೆ. ದೂರವಾಣಿ, ಎಸ್‌ಎಂಎಸ್, ಇ-ಮೇಲ್ ಇವುಗಳ ನಿಯಮಗಳನ್ನು ಎಲ್ಲರೂ ಕೂಡಿ ಒಪ್ಪಿ, ಬರೆದು, ಪ್ರಕಟಿಸಿದ್ದಾರೆ. ಆಪುಗಳ ನಿಯಮ ಆಯಾ ಕಂಪನಿಯ ಮನೆಯೊಳಗಿನ ಮಾತು. ಎಲ್ಲರೂ ನಮ್ಮ ಮನೆಗೇ ಬರಲಿ ಎಂಬುದು ಅವರ ಆಸೆ, ವ್ಯಾಪಾರಿಗೆ ಅದು ಸಹಜ. ಅದರ ತೊಂದರೆ ಬಳಸುವವರಿಗೆ. ಆಪಲ್ ಕಂಪನಿಯ ಐಮೆಸೇಜ್ 2011ರಲ್ಲಿ ಬಂದಾಗ, ಆ ಕಡೆಯವರದೂ ಐಫೋನ್ ಆದರೆ ಸಂದೇಶ ಇಂಟರ್ನೆಟ್ಟಿನಲ್ಲಿ, ಇಲ್ಲದಿದ್ದರೆ ಎಸ್‌ಎಂಎಸ್ ಆಗಿ ಹೋಗುತ್ತಿತ್ತು. ನೀಲಿ ಮತ್ತು ಹಸಿರು ಬಣ್ಣದಿಂದ ಗುರುತು. ಬಹಳ ಚಂದದ ಏರ್ಪಾಟು. ಆದರೆ ಐಫೋನ್ ಬಿಟ್ಟು ಬೇರೆ ಫೋನು ಕೊಂಡವರಿಗೆ ಗೆಳೆಯರ ಸಂದೇಶಗಳು ಬಾರದೆ ಹೋದವು. ಆ ನಂಬರು ಇನ್ನೂ ಐಫೋನಿನದೇ ಎಂದು ಜಾಲ ನಂಬಿಕೊಂಡಿತ್ತು. ನಂಬರನ್ನು ಬಿಡಿಸಿಕೊಳ್ಳುವ ಸೌಲಭ್ಯವನ್ನು ಕಂಪನಿ ಕೊಟ್ಟಿದ್ದು 2014ರ ಕೊನೆಗೆ.

ಎಸ್‌ಎಂಎಸ್ಸಿನ ಉತ್ತರಾಧಿಕಾರಿಯಾಗಿ ಆರ್‌ಸಿಎಸ್ ಎಂಬ ಎಲ್ಲರೂ ಒಪ್ಪಿದ ಪದ್ಧತಿ ಇದೆ. ಗೂಗಲ್ ಅದನ್ನು ಹಿಡಿದು ನಿಂತಿತು, ಆಪಲ್ 2024ರ ಸೆಪ್ಟೆಂಬರಿನಲ್ಲಿ ಒಪ್ಪಿಕೊಂಡಿತು. ಯೂರೋಪಿನ ಒಕ್ಕೂಟವಂತೂ ಕಾನೂನನ್ನೇ ಮಾಡಿತು. 2024ರ ಮಾರ್ಚಿನಿಂದ ವಾಟ್ಸ್‌ಆಪ್‌ನಂಥ ದೊಡ್ಡ ಆಪುಗಳು, ಬೇರೆ ಆಪಿನವರು ಕೇಳಿದರೆ, ಬಾಗಿಲು ತೆರೆಯಬೇಕು. ಮೊದಲು ಬರಹಕ್ಕೆ, ಕೆಲವು ವರ್ಷಗಳ ನಂತರ ಕರೆಗೆ. ಮಾತನ್ನು ಕೊನೆಗಿಟ್ಟದ್ದು ಏಕೆ ಎಂದು ಈಗ ನೀವೇ ಊಹಿಸಬಲ್ಲಿರಿ. ಬೀಗ ಒಡೆಯದಂತೆ, 150 ಮಿಲಿಸೆಕೆಂಡು ಮೀರದಂತೆ ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ದಾಟಿಸುವುದು ಸುಲಭದ ಕೆಲಸವಲ್ಲ. ನಿಮ್ಮಲ್ಲಿ ಕೆಲವರು ಮುಂದೆ ಅದೇ ಕೆಲಸಕ್ಕೆ ಹೋಗಬಹುದು.

ಪ್ರಶ್ನೆಗಳಿದ್ದರೆ ಬರೆದು ಕಳಿಸಿ. ಅಂಚೆ ಕಾರ್ಡಾದರೂ ಸರಿ, ಎಸ್‌ಎಂಎಸ್ ಆದರೂ ಸರಿ.